ಸದ್ದಿಲ್ಲದ ಗಾಡಿಯ ಸದ್ದುಗಳು

ಸಂತೆಯ ಗದ್ದಲದಲ್ಲಿ ಪಕ್ಕದಲ್ಲಿ ನಿಂತವನ ಕೂಗೂ ಕೇಳಿಸದು. ನಡುರಾತ್ರಿಯ ಮನೆಯಲ್ಲಾದರೆ ಗೋಡೆಯ ಗಡಿಯಾರದ ಸಣ್ಣ ಸದ್ದೂ ನಿದ್ದೆಗೆಡಿಸುವುದು. ಗಡಿಯಾರವು ಹಗಲಿಗಿಂತ ಇರುಳಿನಲ್ಲಿ ಗಟ್ಟಿಯಾಗಿ ಮಿಡಿಯುವುದೇನು? ಇಲ್ಲ. ಸುತ್ತಲಿನ ಸದ್ದು ಅಡಗಿದುದರಿಂದ ಅದು ಕಿವಿಗೆ ಬಿದ್ದಿತು, ಅಷ್ಟೆ. ವಿದ್ಯುತ್ ಕಾರನ್ನು ಕೊಂಡ ಸಂಸಾರಿಗಳ ಅನುಭವವೂ ಇದೇ ಬಗೆಯದು. ಪೆಟ್ರೋಲು ಗಾಡಿಯ ಎಂಜಿನ್ನಿನ ಆರ್ಭಟದಡಿಯಲ್ಲಿ ಎಷ್ಟೋ ಕಿರುಸದ್ದುಗಳು ಮುಚ್ಚಿಹೋಗುತ್ತಿದ್ದುವು. ಎಂಜಿನ್ನು ಹೋದೊಡನೆ ಆ ಮುಚ್ಚಳ ತೆರೆದಂತಾಯಿತು. ಈಗ ಟಕ್ಕೆಂದರೂ ಗುಂಯ್ಯೆಂದರೂ ಮನೆಯ ಯಜಮಾನನ ಎದೆ ಝಲ್ಲೆನ್ನುವುದು.

ಇಂಥ ಗಾಡಿ ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. ಬೆಂಗಳೂರಿನಲ್ಲಿಯೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ಬೀದಿಗೆ ಇಳಿದಿತ್ತು. ಹೊರದೇಶಗಳಲ್ಲಿಯಾದರೋ ಇದರ ಚರಿತ್ರೆ ಇನ್ನೂ ಹಿಂದಿನದು. ಗಂಟೆಗೆ ನೂರು ಕಿಲೋಮೀಟರಿನ ವೇಗವನ್ನು 1899ರಲ್ಲಿ ಮೊದಲು ದಾಟಿದ ಕಾರು ವಿದ್ಯುತ್ತಿನದೇ. ಆದರೆ ಸಾಧಾರಣ ಕುಟುಂಬಗಳ ಅಂಗಳಕ್ಕೆ ಈ ಗಾಡಿ ಬಂದು ನಿಂತುದು ಈಚಿನ ಕೆಲವು ವರ್ಷಗಳಲ್ಲಿ. ಅದರ ಸದ್ದುಗಳ ಭಾಷೆಯನ್ನು ನಾವು ಇನ್ನೂ ಕಲಿತಿಲ್ಲ. ಕಲಿಯದಿದ್ದರೆ ಆಗುವ ನಷ್ಟವೆಷ್ಟೆಂಬುದು ನಮಗೆ ನಮ್ಮ ಮನೆಯ ಗಾಡಿಯಿಂದಲೇ ತಿಳಿದುಬಂದಿತು.

ಒಬ್ಬರು ಬಳಸಿ ಮಾರಿದ ವಿದ್ಯುತ್ ಕಾರೊಂದನ್ನು ನಾವು ಕೊಂಡಿದ್ದೆವು. ತಯಾರಕರು ವಹಿಸಿದ್ದ ಹೊಣೆಯ ಅವಧಿಯು ಮುಗಿದಿತ್ತು. ಒಂದು ದಿನ ಮೈಸೂರಿನಿಂದ ನಂಜನಗೂಡಿಗೆ ದೇವರ ದರ್ಶನಕ್ಕೆಂದು ಹೊರಟಾಗ, ಹಿಂದಿನ ಪೀಠದ ಎಡಬದಿಯಲ್ಲಿ ಕುಳಿತಿದ್ದ ನಮ್ಮ ತಾಯಿಯವರು, “ಇದೇನಪ್ಪ, ಗಾಡಿಯೊಳಗೆ ಯಾರೋ ರಾಗಿ ಬೀಸುತ್ತಿರುವ ಹಾಗಿದೆಯಲ್ಲ!” ಎಂದರು. ನಾವು ನಕ್ಕು ಸುಮ್ಮನಾದೆವು. ತಿಂಗಳು ಕಳೆಯುವುದರೊಳಗೆ ಆ ಬೀಸುವ ಸದ್ದು ಮುಂದೆ ಕುಳಿತವರಿಗೂ ಕೇಳತೊಡಗಿತು. ಗಾಡಿಯನ್ನು ಒಂದು ದುರಸ್ತಿ ಶಾಲೆಗೆ ಒಯ್ದೆವು. ಅಲ್ಲಿನವರು ಅಂಗಳದಲ್ಲಿ ಎರಡು ಮಾರು ಓಡಿಸಿ ನೋಡಿ, ಮೋಟಾರೂ ಅದರ ಗೇರೂ ಸವೆದಿವೆ, ಎರಡನ್ನೂ ಕೂಡಿಯೇ ಬದಲಿಸತಕ್ಕದ್ದು ಎಂದು ಹೇಳಿ, ಲಕ್ಷಗಳ ಲೆಕ್ಕದ ಅಂದಾಜು ಪಟ್ಟಿಯನ್ನು ಕೈಗಿತ್ತರು. ಆ ಹಣ ಮಗಳ ಕಾಲೇಜಿಗೆಂದು ಕೂಡಿಟ್ಟದ್ದು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಮುಂದೆ ನಡೆದುದನ್ನು ಹೇಳುವುದಕ್ಕೆ ಮೊದಲು, ಆಮೇಲೆ ನಾವು ಕೇಳಿಯೂ ಓದಿಯೂ ಕಲಿತ ವಿಷಯಗಳನ್ನು ವಾಚಕರ ಮುಂದಿಡುವುದು ಒಳ್ಳೆಯದು.

ಸಹಜವಾದ ಸದ್ದುಗಳು

ಮೊದಲು, ರೋಗವಲ್ಲದ ಸದ್ದುಗಳನ್ನು ಬೇರ್ಪಡಿಸಬೇಕು. ಗುಂಡಿಯೊತ್ತಿ ಗಾಡಿಯನ್ನು ಎಚ್ಚರಿಸಿದಾಗಲೂ ಆರಿಸಿದಾಗಲೂ ಟಕ್, ಟಕ್ ಎಂಬ ಸದ್ದು ಕೇಳುವುದುಂಟು. ಅದು ಬ್ಯಾಟರಿಗೂ ಮೋಟಾರಿಗೂ ನಡುವಣ ದೊಡ್ಡ ಸ್ವಿಚ್ಚುಗಳು ಕೂಡುವ, ಬಿಡುವ ಶಬ್ದ. ಮನೆಯ ದೀಪದ ಸ್ವಿಚ್ಚು ಟಕ್ಕೆಂದರೆ ನಾವು ಹೆದರುತ್ತೇವೆಯೆ? ಇದೂ ಹಾಗೆಯೇ.

ರಾತ್ರಿ ಗಾಡಿಗೆ ವಿದ್ಯುತ್ತನ್ನು ತುಂಬುತ್ತಿರುವಾಗ, ನಿಂತ ಗಾಡಿಯೊಳಗಿಂದಲೇ ಫ್ಯಾನು ತಿರುಗುವ ಸದ್ದೂ, ನೀರು ಹರಿಯುವಂಥ ಸದ್ದೂ ಬರಬಹುದು. ತುಂಬುವಾಗ ಬ್ಯಾಟರಿಯು ಬಿಸಿಯಾಗುವುದರಿಂದ, ಅದನ್ನು ತಣಿಸಲು ಅನೇಕ ಗಾಡಿಗಳಲ್ಲಿ ಪಂಪೊಂದು ದ್ರವವನ್ನು ಸುತ್ತಿಸುವುದು. ಬೇಸಗೆಯಲ್ಲಿ ಬೇಗ ತುಂಬುವ ಕೇಂದ್ರಗಳಿಗೆ ಹೋದಾಗ ಈ ಗದ್ದಲ ಇನ್ನೂ ಹೆಚ್ಚು.

ವೇಗವನ್ನು ಏರಿಸುವಾಗ ಕೇಳುವ ತೆಳುವಾದ ಸೀಟಿಯಂಥ ದನಿಯೂ ಬಹುಮಟ್ಟಿಗೆ ಸಹಜವೇ. ಈ ಮೋಟಾರು ನಿಮಿಷಕ್ಕೆ ಹತ್ತು ಸಾವಿರ ಸುತ್ತುಗಳನ್ನೂ ಮೀರಿ ತಿರುಗಬಲ್ಲದು. ಅದರ ಎಂಟು ಹತ್ತು ಸುತ್ತಿಗೆ ಗಾಲಿಯು ಒಂದು ಸುತ್ತು ತಿರುಗುವಂತೆ ನಡುವೆ ಹಲ್ಲುಚಕ್ರಗಳಿವೆ. ಅಷ್ಟು ವೇಗದಲ್ಲಿ ಹಲ್ಲಿಗೆ ಹಲ್ಲು ಕೂಡುವಾಗ ದನಿ ಹೊರಡದಿರದು. ಹೊಸತರಲ್ಲಿ ಹೇಗಿತ್ತೋ ಇಂದಿಗೂ ಹಾಗೆಯೇ ಇದ್ದರೆ ಚಿಂತೆಯಿಲ್ಲ. ದಿನದಿನಕ್ಕೆ ದನಿ ಒರಟಾಗುತ್ತ ಬಂದರೆ ಮಾತ್ರ ವಿಚಾರಿಸಬೇಕು.

ನಿಧಾನವಾಗಿ ಹೋಗುವಾಗ, ಅದರಲ್ಲಿಯೂ ಹಿಂದಕ್ಕೆ ಸರಿಯುವಾಗ, ಕೆಲವು ಗಾಡಿಗಳು ಒಂದು ಬಗೆಯ ಗುಂಜಾರವ ಮಾಡುವುವು. ಇದು ಬೇಕೆಂದೇ ಇಟ್ಟ ಸದ್ದು. ಸದ್ದಿಲ್ಲದೆ ಬರುವ ಗಾಡಿಯು ಕುರುಡರಿಗೂ ಮಕ್ಕಳಿಗೂ ಅಪಾಯಕರವೆಂದು ಐರೋಪ್ಯ ಒಕ್ಕೂಟವು, ಗಂಟೆಗೆ 20 ಕಿಲೋಮೀಟರಿನವರೆಗೆ ಇಂಥ ಎಚ್ಚರಿಕೆಯ ದನಿ ಇರಲೇಬೇಕೆಂದು 2019ರಿಂದ ಹೊಸ ಮಾದರಿಗಳಿಗೆ ಕಟ್ಟುಮಾಡಿತು. ಇದನ್ನು ದೋಷವೆಂದು ತಿಳಿದು ಅಡಗಿಸಹೋಗುವುದು ತರವಲ್ಲ.

ಮನೆಯವರೇ ಕಳೆಯಬಹುದಾದ ಸದ್ದುಗಳು

ಗಡಗಡ, ಕಟಕಟ ಎನ್ನುವ ಸದ್ದು ಕೇಳಿದೊಡನೆ ಯಂತ್ರವನ್ನು ದೂಷಿಸದೆ, ಮೊದಲು ಗಾಡಿಯನ್ನು ಬರಿದು ಮಾಡಿರಿ. ಪೀಠದಡಿಯ ನೀರಿನ ಸೀಸೆ, ಬಾಗಿಲ ಜೇಬಿನ ಚಿಲ್ಲರೆ, ಹಿಂಬದಿಯ ಪೆಟ್ಟಿಗೆಯಲ್ಲಿ ಹೊರಳುವ ಜಾಕು, ಮಡಿಸದೆ ಎಸೆದ ಚಾರ್ಜಿನ ತಂತಿ, ಇವುಗಳದೇ ಅರ್ಧ ಪಾಲು. ನಮ್ಮ ನಂಟರೊಬ್ಬರನ್ನು ಎರಡು ವಾರ ಕಾಡಿದ ‘ಯಂತ್ರದೋಷ’ವು ಕೊನೆಗೆ ಮಗುವಿನ ತಿಂಡಿಯ ಡಬ್ಬಿಯ ಮುಚ್ಚಳವಾಗಿ ಹೊರಬಿದ್ದಿತು.

ವೇಗ ಹೆಚ್ಚಿದಾಗ ಅಡಿಯಿಂದ ಪಟಪಟನೆ ಹೊಡೆದುಕೊಳ್ಳುವ ಸದ್ದು ಬಂದರೆ, ಗಾಡಿಯ ಹೊಟ್ಟೆಯಡಿಯ ಪ್ಲಾಸ್ಟಿಕ್ ಹೊದಿಕೆಯು ಸಡಿಲವಾಗಿರಬಹುದು. ನಮ್ಮ ಬೀದಿಗಳ ಉಬ್ಬುಗಳಿಗೆ ತಗುಲಿ ಅದರ ಬಿರಡೆ ಕಳಚುವುದು ಅಪೂರ್ವವೇನಲ್ಲ. ಬಗ್ಗಿ ನೋಡಿದರೆ ಜೋತಾಡುವುದು ಕಾಣುವುದು. ಹೊಸ ಬಿರಡೆ ಹಾಕಿಸಿದರೆ ಆಯಿತು.

ಮಳೆಗಾಲದ ಬೆಳಗಿನಲ್ಲಿ ಬ್ರೇಕು ಒತ್ತಿದಾಗ ಕರಕರ ಸದ್ದು ಕೇಳುವುದು ಈ ಗಾಡಿಗಳಲ್ಲಿ ಹೆಚ್ಚು. ಇದರ ಕಾರಣ ಸ್ವಾರಸ್ಯವಾಗಿದೆ. ಪಾದವನ್ನು ಎತ್ತಿದೊಡನೆ ಮೋಟಾರೇ ಜನರೇಟರಾಗಿ, ಗಾಡಿಯ ವೇಗವನ್ನು ತಗ್ಗಿಸುತ್ತ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಕ್ಕೆ ಕೊಡುವುದು. ಹೀಗಾಗಿ ನಿಜವಾದ ಬ್ರೇಕಿಗೆ ಕೆಲಸ ಕಡಮೆ. ಕೆಲಸವಿಲ್ಲದ ಕತ್ತಿಗೆ ತುಕ್ಕು ಹಿಡಿಯುವಂತೆ, ಬ್ರೇಕಿನ ಕಬ್ಬಿಣದ ತಟ್ಟೆಗಳಿಗೂ ತುಕ್ಕು ಹಿಡಿಯುವುದು. ಜನಸಂಚಾರವಿಲ್ಲದ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ನಾಲ್ಕೈದು ಬಾರಿ ಬ್ರೇಕನ್ನು ತುಸು ಬಲವಾಗಿ ಒತ್ತಿದರೆ ತೆಳುವಾದ ತುಕ್ಕು ಉಜ್ಜಿಹೋಗುವುದು. ಅಷ್ಟು ಮಾಡಿದರೂ ಸದ್ದು ಹೋಗದಿದ್ದರೆ, ಅಥವಾ ಲೋಹಕ್ಕೆ ಲೋಹ ಉಜ್ಜಿದಂತೆ ಕೇಳಿದರೆ, ಬ್ರೇಕಿನ ಮೆತ್ತೆಗಳು ಸವೆದಿರಬಹುದು; ತಡಮಾಡಬಾರದು.

ಚಿಕಿತ್ಸೆಯನ್ನು ಬೇಡುವ ಸದ್ದುಗಳು

ಗಾಲಿಯ ಬಳಿ ಒಮ್ಮೆಗೇ ಕಿರ್ರೆಂದು ಕಿರುಚುವ ಸದ್ದು ಹುಟ್ಟಿದರೆ, ಬ್ರೇಕಿನ ತಟ್ಟೆಗೂ ಅದರ ಹಿಂದಣ ತಗಡಿಗೂ ನಡುವೆ ಜಲ್ಲಿಕಲ್ಲೊಂದು ಸಿಕ್ಕಿರುವುದುಂಟು. ಉಬ್ಬು ತಗ್ಗುಗಳಲ್ಲಿ ಮಾತ್ರ ದಡ್ ಎಂದರೆ ಗಾಡಿಯನ್ನು ತೂಗುವ ಸ್ಪ್ರಿಂಗಿನ ಸುತ್ತಣ ರಬ್ಬರುಗಳೋ ಕೀಲುಗಳೋ ಸವೆದಿವೆಯೆಂದು ತಿಳಿಯಬೇಕು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಗಾಡಿಯನ್ನು ಹೊರಡಿಸುವಾಗ ಕಟ್, ಕಟ್ ಎಂದು ಲೆಕ್ಕವಿಟ್ಟಂತೆ ಕೇಳಿದರೆ, ಗಾಲಿಗೆ ಶಕ್ತಿಯನ್ನು ಒಯ್ಯುವ ದಂಡದ ಕೀಲನ್ನು ಸಂಶಯಿಸಬೇಕು.

ಇನ್ನು ಗುಂಯ್ ಎಂಬ ಏಕತಾನದ ಸದ್ದು. ಮೋಸಗೊಳಿಸುವುದು ಇದೇ, ಏಕೆಂದರೆ ಟೈರು, ಗಾಲಿಯ ಬೇರಿಂಗು, ಮೋಟಾರು ಮತ್ತು ಗೇರು, ಈ ಮೂರೆಡೆಗಳಿಂದಲೂ ಅದು ಒಂದೇ ಬಗೆಯಾಗಿ ಹುಟ್ಟಬಹುದು, ಮೂರೂ ವೇಗದೊಡನೆ ಏರುವುವು. ಟೈರಿನದಾದರೆ ಅದು ರಸ್ತೆಯನ್ನು ಅನುಸರಿಸಿ ಬದಲಾಗುವುದು: ನುಣುಪಾದ ಡಾಂಬರಿನಲ್ಲಿ ಒಂದು ಬಗೆ, ಕಾಂಕ್ರೀಟಿನಲ್ಲಿ ಇನ್ನೊಂದು. ಬ್ಯಾಟರಿಯ ಭಾರದಿಂದ ಈ ಗಾಡಿಗಳ ಟೈರುಗಳಿಗೆ ಹೊರೆ ಹೆಚ್ಚು. ಏರುಪೇರಾಗಿ ಸವೆದರೆ ಅವು ದುಂಬಿಯಂತೆ ಮೊರೆಯುವುವು. ಮುಂದಿನ ಟೈರನ್ನು ಹಿಂದಕ್ಕೆ ಹಾಕಿಸಿದಾಗ ಸದ್ದೂ ಹಿಂದಕ್ಕೆ ಹೋದರೆ ಸಂಶಯ ಪರಿಹಾರವಾಯಿತು. ಮೋಟಾರು, ಗೇರುಗಳದಾದರೆ ಪಾದ ಒತ್ತಿದಾಗ ಒಂದು ದನಿ, ಎತ್ತಿದಾಗ ಬೇರೊಂದು ದನಿ. ಬೇರಿಂಗಿನದಾದರೆ ಗಾಡಿಯು ಓಲಿದಾಗ ಬದಲಾಗುವುದು. ಗಾಡಿಯು ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಗಾಲಿಗಳ ಮೇಲೆ ಬೀಳುವುದು. ಆಗ ಸದ್ದು ಹೆಚ್ಚಿದರೆ ದೋಷ ಎಡಗಡೆ. ಎಡಕ್ಕೆ ತಿರುಗುವಾಗ ಹೆಚ್ಚಿದರೆ ಬಲಗಡೆ.

ನಮ್ಮ ಗಾಡಿಯ ವಿಚಾರ

ಈಗ ನಮ್ಮ ಕಥೆಗೆ ಬರೋಣ. ಅಂದಾಜು ಪಟ್ಟಿಯನ್ನು ಹಿಡಿದು ಕಂಗಾಲಾಗಿದ್ದ ನಮ್ಮನ್ನು ನೆರೆಯವರೊಬ್ಬರು ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಕರೆದೊಯ್ದರು. ಅವರು ಪಟ್ಟಿಯನ್ನು ಓದಲೂ ಇಲ್ಲ. “ಸ್ವಾಮೀ, ಬಿಚ್ಚುವುದಕ್ಕೆ ಮುಂಚೆ ಕೇಳಬೇಕು. ಒಂದು ಸುತ್ತು ಹೋಗಿಬರೋಣ. ಮೊದಲು ಸದ್ದು ಕೇಳಿದವರು ಯಾರೋ ಅವರನ್ನೂ ಕರೆತನ್ನಿ,” ಎಂದರು. ತಾಯಿಯವರು ತಮ್ಮ ಎಂದಿನ ಜಾಗದಲ್ಲಿಯೇ ಕುಳಿತರು. ಮೇಸ್ತ್ರಿಗಳು ಅವರ ಪಕ್ಕದಲ್ಲಿ ಕುಳಿತರು.

ಊರ ಹೊರಗಿನ ಬಯಲು ರಸ್ತೆಯಲ್ಲಿ ಗಾಡಿಯು 60 ಕಿಲೋಮೀಟರಿನ ವೇಗಕ್ಕೆ ಬಂದಾಗ ಬೀಸುವ ಸದ್ದು ಆರಂಭವಾಯಿತು. ತಂಪುಗಾಳಿಯ ಯಂತ್ರವನ್ನು ನಿಲ್ಲಿಸಿ ಎಂದರು, ಸದ್ದು ನಿಲ್ಲಲಿಲ್ಲ. ಪಾದ ಎತ್ತಿ ಎಂದರು. ಸದ್ದಿನ ದನಿ ಬದಲಾಗಲಿಲ್ಲ. ಡಾಂಬರು ಮುಗಿದು ಕಾಂಕ್ರೀಟು ಬಂದಿತು. ಆಗಲೂ ಅದೇ ಸದ್ದು. ಅಷ್ಟರಲ್ಲಿ ರಸ್ತೆಯು ಬಲಕ್ಕೆ ಬಾಗಿತು. “ಈಗ ನೋಡಿ, ಈಗ ಜೋರಾಯಿತು. ಈ ಕಡೆ ತಿರುಗಿದಾಗಲೆಲ್ಲ ಹೀಗೆಯೇ,” ಎಂದರು ತಾಯಿಯವರು. ಮೇಸ್ತ್ರಿಗಳು ಮುಗುಳ್ನಕ್ಕು, “ಅಮ್ಮಾ, ನೀವು ಅರ್ಧ ಕೆಲಸ ಮುಗಿಸಿಬಿಟ್ಟಿರಿ,” ಎಂದರು.

ಹಿಂದಿರುಗಿ, ತಯಾರಕರು ಗುರುತಿಸಿದ ಎಡೆಯಲ್ಲಿಯೇ ಜಾಕನ್ನಿಟ್ಟು ಗಾಡಿಯನ್ನು ಎತ್ತಿದರು. ಹಿಂದಿನ ಎಡಗಾಲಿಯನ್ನು ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲಿಟ್ಟರು. ಆಮೇಲೆ ನಮ್ಮ ಕೈಯನ್ನು ಹಿಡಿದು ಅಲ್ಲಿಯೇ ಇರಿಸಿದರು. ಮರಳು ಬೆರೆತ ಹಿಟ್ಟನ್ನು ಬೀಸಿದಂತೆ ಒರಟೊರಟಾದ ಅದುರು ಬೆರಳುಗಳಿಗೆ ತಟ್ಟಿತು. ಬೇರಿಂಗು ಸವೆದುಹೋಗಿತ್ತು. ನಮ್ಮ ಗಾಡಿಯ ಮೋಟಾರೂ ಗೇರೂ ಇದ್ದುದು ಮುಂಭಾಗದಲ್ಲಿ, ರೋಗವಿದ್ದುದು ಹಿಂಭಾಗದಲ್ಲಿ! ಉಕ್ಕಿನ ಮೈಯಲ್ಲಿ ಸದ್ದು ಎಲ್ಲೆಡೆಗೂ ಹರಿಯುವುದರಿಂದ ಹುಟ್ಟಿದ ಎಡೆ ತಿಳಿಯದೆಹೋಗಿತ್ತು. ಕೆಲವು ಸಾವಿರ ರೂಪಾಯಿಗಳಲ್ಲಿ ಕೆಲಸ ಮುಗಿಯಿತು. ಲಕ್ಷಗಳನ್ನು ತೆತ್ತು ಮೋಟಾರನ್ನು ಬದಲಿಸಿದ್ದರೂ ಆ ಸದ್ದು ಹೋಗುತ್ತಿರಲಿಲ್ಲ. ಹಾಗೆಯೇ ಬಿಟ್ಟಿದ್ದರೆ ಬೇರಿಂಗು ಪೂರ್ತಿ ಕೆಟ್ಟು, ಓಡುವಾಗಲೇ ಗಾಲಿಯು ಹಿಡಿತ ತಪ್ಪಬಹುದಾಗಿತ್ತು.

ನೆನಪಿನಲ್ಲಿಡತಕ್ಕ ಮಾತುಗಳು

ವೈದ್ಯನ ಮುಂದೆ “ನೋವು” ಎಂದಷ್ಟೇ ಹೇಳಿದರೆ ಸಾಲದು. ಎಲ್ಲಿ, ಯಾವಾಗ, ಏನು ಮಾಡಿದರೆ ಹೆಚ್ಚು ಎಂದು ಹೇಳಬೇಕು. ಗಾಡಿಗೂ ಇದೇ ನ್ಯಾಯ. ಸಣ್ಣ ಪುಸ್ತಕವೊಂದರಲ್ಲಿ ದಿನ, ವೇಗ, ರಸ್ತೆ ಒದ್ದೆಯೋ ಒಣಗಿದ್ದೋ, ತಿರುವು ಯಾವ ಕಡೆಗೆ, ಪಾದ ಒತ್ತಿದ್ದಿತೋ ಎತ್ತಿದ್ದಿತೋ ಎಂಬುದನ್ನು ಬರೆದಿಡಿರಿ. ಸದ್ದನ್ನು ಫೋನಿನಲ್ಲಿ ಹಿಡಿದಿಡುವುದೂ ಒಳ್ಳೆಯದೇ. ಆದರೆ ಆ ಕೆಲಸ ಪಕ್ಕದಲ್ಲಿ ಕುಳಿತವರದು, ಚಾಲಕನದಲ್ಲ. ದುರಸ್ತಿಯವರನ್ನು ಜೊತೆಗೆ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿರಿ. ದೊಡ್ಡ ಭಾಗವನ್ನು ಬದಲಿಸಬೇಕೆಂದರೆ, ಯಾವ ಪರೀಕ್ಷೆಯಿಂದ ಹಾಗೆ ತಿಳಿಯಿತೆಂಬುದನ್ನು ಬರೆಹದಲ್ಲಿ ಕೇಳಿರಿ. ಮತ್ತೊಬ್ಬರ ಅಭಿಪ್ರಾಯವನ್ನೂ ಪಡೆಯಿರಿ.

ಮುಖ್ಯವಾದ ಎಚ್ಚರಿಕೆಯೊಂದುಂಟು. ಮೂಟೆ ಸರಿಸಿ ನೋಡುವುದು, ಟೈರಿನ ಗಾಳಿ ನೋಡುವುದು ಮನೆಯವರ ಕೆಲಸ. ಕಿತ್ತಳೆ ಬಣ್ಣದ ತಂತಿಗಳಿರುವೆಡೆಗೆ ಮಾತ್ರ ಕೈಯಿಡಕೂಡದು. ಮನೆಯ ವಿದ್ಯುತ್ತು ಸುಮಾರು 230 ವೋಲ್ಟಾದರೆ, ಆ ತಂತಿಗಳಲ್ಲಿ 300, 400, ಕೆಲವು ಗಾಡಿಗಳಲ್ಲಿ 800 ವೋಲ್ಟುಗಳ ತನಕ ಇರುವುದು. ಗಾಡಿಯನ್ನು ಆರಿಸಿದ ಮೇಲೆಯೂ ಕೆಲವು ಭಾಗಗಳಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರಬಹುದು. ಅದಕ್ಕೆ ತರಬೇತಿ ಪಡೆದವರೇ ಆಗಬೇಕು. ಬ್ಯಾಟರಿಯ ಪೆಟ್ಟಿಗೆಗೆ ಜಾಕನ್ನು ಕೊಟ್ಟು ಎತ್ತುವುದೂ ಸಲ್ಲದು. ಅಡಿಗೆ ಬಲವಾದ ಪೆಟ್ಟು ಬಿದ್ದ ಮೇಲೆ ಬುಸುಗುಟ್ಟುವ ಸದ್ದೋ, ಹೊಗೆಯೋ, ವಿಚಿತ್ರವಾದ ವಾಸನೆಯೋ ಬಂದರೆ ಕಾರಣವನ್ನು ಹುಡುಕುತ್ತ ಕೂರದೆ, ಎಲ್ಲರನ್ನೂ ಇಳಿಸಿ ದೂರ ಕರೆದೊಯ್ದು ಅಗ್ನಿಶಾಮಕದವರಿಗೆ ತಿಳಿಸಬೇಕು.

ಮೊನ್ನೆ ಮತ್ತೆ ನಂಜನಗೂಡಿಗೆ ಹೋಗಿದ್ದೆವು. ದಾರಿಯುದ್ದಕ್ಕೂ ತಾಯಿಯವರು ಮಾತನಾಡಲಿಲ್ಲ. ಕಪಿಲೆಯ ಸೇತುವೆ ದಾಟಿದ ಮೇಲೆ, “ಏನಮ್ಮ, ಇಷ್ಟು ಮೌನ?” ಎಂದು ಕೇಳಿದೆವು. “ಕೇಳುತ್ತಿದ್ದೆನಪ್ಪ,” ಎಂದರು. “ರಾಗಿ ಬೀಸುವುದು ಮುಗಿದಿದೆ. ಆದರೆ ಮುಂದಿನ ಬಾಗಿಲಲ್ಲಿ ಏನೋ ಗಿಲಿಗಿಲಿ ಎನ್ನುತ್ತಿದೆ, ನೋಡು.” ಈ ಸಲ ನಾವು ನಗಲಿಲ್ಲ. ಗಾಡಿಯನ್ನು ನಿಲ್ಲಿಸಿ ಬಾಗಿಲ ಜೇಬಿಗೆ ಕೈ ಹಾಕಿದೆವು. ಹುಂಡಿಗೆ ಹಾಕಬೇಕೆಂದು ಎತ್ತಿಟ್ಟು ಮರೆತಿದ್ದ ಚಿಲ್ಲರೆ ಕಾಸು ಅಲ್ಲಿತ್ತು.