ನಿಮಗಿದು ಗೊತ್ತೇ? ಉಮ್ಮತ್ತಿ, ಕಾಫಿ ಮತ್ತು ಎಚ್ಚರವಾಗಿರುವ ಚುಂಡಿಲಿಯ ಮೆದುಳು

◆ ಮಾಲೂರಿನ ಇಟ್ಟಿಗೆ ಗೂಡುಗಳ ಹಿಂದೆ, ಶ್ರೀನಿವಾಸಪುರದ ಮಾವಿನ ತೋಪಿನ ಬೇಲಿಗಳಲ್ಲಿ, ತಿಪ್ಪೆಯ ಮೇಲೆ ಬಿಳಿ ತುತ್ತೂರಿಯಂಥ ಹೂ ಬಿಡುವ ಉಮ್ಮತ್ತಿ ಗಿಡವನ್ನು ನೀವು ನೋಡಿಯೇ ಇರುತ್ತೀರಿ. ಕಾಯಿಯ ಮೈತುಂಬ ಮುಳ್ಳು. ತೆಲುಗು ಮನೆಮಾತಿನವರು ಅದನ್ನೇ ಉಮ್ಮೆತ್ತ ಎನ್ನುತ್ತಾರೆ. ‘ಅದನ್ನ ಮುಟ್ಟಿ ಕೈ ಬಾಯಿಗಿಟ್ಕೊಂಡ್ರೆ ಹುಚ್ಚು ಹಿಡಿಯುತ್ತೆ ಕಣ್ರೋ’ ಎಂದು ನಮ್ಮಜ್ಜಿ ಗದರುತ್ತಿದ್ದರು. ಅಜ್ಜಿಯ ಮಾತಿನಲ್ಲಿ ನಿಜವಿತ್ತು. ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಇಲ್ಲದ್ದು ಕಾಣುತ್ತದೆ. ಎಚ್ಚರ ತಿಳಿದ ಮೇಲೆ ನಡೆದದ್ದು ನೆನಪಿಗೆ ಬರುವುದಿಲ್ಲ. ಜೀವಕ್ಕೇ ಅಪಾಯವಾಗಬಹುದು. ಇದಕ್ಕೆಲ್ಲ ಮುಖ್ಯ ಕಾರಣ ಆ ಗಿಡದಲ್ಲಿರುವ ಸ್ಕೊಪೊಲಮಿನ್ ಮತ್ತು ಅಟ್ರೊಪಿನ್.

◆ ಅದೇ ಸ್ಕೊಪೊಲಮಿನ್ ಎಚ್ಚರವಾಗಿರುವ ಚುಂಡಿಲಿಯ ಮೆದುಳಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಪ್ಯಾರಿಸ್ಸಿನ ವಿಜ್ಞಾನಿಗಳು ಚಿತ್ರದಲ್ಲಿ ಹಿಡಿದು 2020ರಲ್ಲಿ ಪ್ರಕಟಿಸಿದರು. ತಲೆಬುರುಡೆ ಕೊರೆಯಲಿಲ್ಲ, ಅರಿವಳಿಕೆ ಕೊಡಲಿಲ್ಲ. ಔಷಧ ಒಳಹೋದ ಮೇಲೆ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ಸಿಗೂ ಮೆದುಳಿನ ಹೊರಪದರಕ್ಕೂ ನಡುವೆ ರಕ್ತದ ಏರಿಳಿತ ಮೊದಲಿಗಿಂತ ಹೆಚ್ಚು ಜೊತೆಜೊತೆಯಾಗಿ ಸಾಗುತ್ತಿದ್ದದ್ದು ಕಾಣಿಸಿತು. ಐದು ಇಲಿಗಳಿಂದ ಕಂಪ್ಯೂಟರ್ ಕಲಿತ ಈ ಗುರುತು ಬೇರೆ ಇಲಿಗಳಲ್ಲೂ ಹೊಂದಿಕೊಂಡಿತು. ಇಲಿಗೆ ಔಷಧ ಕೊಟ್ಟಿದೆಯೋ ಇಲ್ಲವೋ ಎಂದು ಚಿತ್ರ ನೋಡಿಯೇ ಹೇಳಬಹುದಾಯಿತು. ತಿಪ್ಪೆಯ ಮೇಲಿನ ಗಿಡದ ಸತ್ವವೊಂದು ಇಷ್ಟು ಸ್ಪಷ್ಟವಾದ ಹೆಜ್ಜೆಗುರುತು ಬಿಡುತ್ತದೆ ಎಂದು ಓದಿದ ದಿನ ನಾನು ಬೆರಗಾದೆ.

◆ ಅಟ್ರೊಪಿನ್ ನಮ್ಮ ಜಿಲ್ಲೆಯ ಆಸ್ಪತ್ರೆಗಳಿಗೆ ಹೊಸದಲ್ಲ. ಟೊಮೆಟೊ ತೋಟಕ್ಕೆ ಔಷಧ ಹೊಡೆಯುವಾಗ ಆರ್ಗನೊಫಾಸ್ಫೇಟ್ ವಿಷ ಮೈಸೇರಿದವರಿಗೆ ವೈದ್ಯರು ಚುಚ್ಚುವುದು ಅದನ್ನೇ. ಆ ವಿಷ ಅಸಿಟೈಲ್‌ಕೋಲಿನ್ ಎಂಬ ನರದ ರಾಸಾಯನಿಕ ಕರಗದೆ ಶೇಖರವಾಗುವಂತೆ ಮಾಡುತ್ತದೆ. ಆ ರಾಸಾಯನಿಕ ಹೋಗಿ ಕೂರುವ ಜಾಗವನ್ನು ಅಟ್ರೊಪಿನ್ ಮುಚ್ಚುತ್ತದೆ.

◆ ಇಲಿಯ ಮೆದುಳು ನೋಡುವ ಯಂತ್ರ ಬಸುರಿಯರಿಗೆ ಮಾಡುವ ಸ್ಕ್ಯಾನಿಂಗಿನ ತಮ್ಮ. ಶಬ್ದದ ಅಲೆ ಒಳಹೋಗುತ್ತದೆ, ಓಡುತ್ತಿರುವ ಕೆಂಪು ರಕ್ತಕಣಕ್ಕೆ ತಾಗಿ ಮರಳುತ್ತದೆ. ಕೂಸಿನ ಎದೆಬಡಿತ ಕೇಳಿಸುವ ಡಾಪ್ಲರ್ ತತ್ವವೇ ಇಲ್ಲೂ ಇರುವುದು. ವ್ಯತ್ಯಾಸ ವೇಗದ್ದು: ಇದು ಸೆಕೆಂಡಿಗೆ ಸಾವಿರಾರು ಬಾರಿ ಅಲೆ ಕಳಿಸಿ, ಕೂದಲೆಳೆಯಷ್ಟು ಸಣ್ಣ ನಾಳಗಳ ರಕ್ತವನ್ನೂ ಹಿಡಿಯುತ್ತದೆ. ಪ್ಯಾರಿಸ್ಸಿನ ಮಿಕೇಲ್ ತಾಂತೆರ್ ಅವರ ತಂಡ 2011ರಲ್ಲಿ ಇಲಿಯ ಮೀಸೆ ಅಲುಗಿಸಿ, ಮೆದುಳಿನಲ್ಲಿ ಮೀಸೆಗೆ ಸೇರಿದ ಜಾಗಕ್ಕೆ ರಕ್ತ ನುಗ್ಗುವುದನ್ನು ತೋರಿಸಿತು. 2015ರ ಹೊತ್ತಿಗೆ ಇಲಿ ಓಡಾಡುತ್ತಿರುವಾಗಲೇ ನೋಡುವುದು ಸಾಧ್ಯವಾಯಿತು. ಇಷ್ಟೆಲ್ಲ ನಡೆಯುವ ಚುಂಡಿಲಿಯ ಮೆದುಳು ಎಷ್ಟು ದೊಡ್ಡದು? ಅರ್ಧ ಗ್ರಾಂ ಕೂಡ ತೂಗದು, ಹೆಚ್ಚುಕಡಿಮೆ ಒಂದು ಹಸಿ ಅವರೆಕಾಳು.

◆ ನಮ್ಮ ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು, ಉಸಿರಾಡಿದ ಆಮ್ಲಜನಕದಲ್ಲಿ ತಿನ್ನುವುದು ನೂರಕ್ಕೆ 20 ಪಾಲು. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ ಬೇಕು.

◆ ಯಾವ ಭಾಗ ಕೆಲಸ ಮಾಡುತ್ತದೋ ಆ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ ಎಂಬ ಮಾತನ್ನು 1890ರಲ್ಲೇ ವಿಜ್ಞಾನಿಗಳಾದ ರಾಯ್ ಮತ್ತು ಶೆರಿಂಗ್ಟನ್ ಆಡಿದ್ದರು. ಕಿವಿಯಿಂದಲೇ ಅದನ್ನು ಕೇಳಿದವರು ಬಾಸ್ಟನ್ನಿನ ಜಾನ್ ಫುಲ್ಟನ್. ಅವರ ರೋಗಿಯೊಬ್ಬನಿಗೆ ತಲೆಯ ಹಿಂಭಾಗದಲ್ಲಿ ರಕ್ತನಾಳಗಳ ಗಂಟು ಇತ್ತು. ಅಲ್ಲಿ ಗುಂಯ್‌ಗುಡುವ ಸದ್ದು. ಅವನು ಪತ್ರಿಕೆ ಓದಲು ಶುರುಮಾಡಿದರೆ ಸದ್ದು ಜೋರಾಗುತ್ತಿತ್ತು, ಕಣ್ಣಿಗೆ ವಿಶ್ರಾಂತಿ ಕೊಟ್ಟರೆ ಇಳಿಯುತ್ತಿತ್ತು. ಇದು ಅಚ್ಚಾದದ್ದು 1928ರಲ್ಲಿ.

◆ ಪ್ರಾಣಿಯನ್ನು ಮಲಗಿಸಿ ನೋಡಿದರೆ ಸುಲಭವಲ್ಲವೇ? ಸುಲಭವೇ, ಆದರೆ ಕಾಣಬೇಕಾದದ್ದೇ ಮರೆಯಾಗುತ್ತದೆ. 1955ರಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಸಂಗಡಿಗರು ಬೆಕ್ಕುಗಳ ಮೆದುಳಿನ ರಕ್ತದ ಹರಿವನ್ನು ವಿಕಿರಣ ಸೂಸುವ ಅನಿಲದಿಂದ ಅಳೆದರು. ಮುಂದೆ ಇದೇ ವಿಧಾನದಲ್ಲಿ, ಎಚ್ಚರವಾಗಿದ್ದ ಬೆಕ್ಕಿನ ಕಣ್ಣಿಗೆ ಬೆಳಕು ತೋರಿಸಿದಾಗ ನೋಟದ ಭಾಗಗಳಲ್ಲಿ ರಕ್ತ ಏರಿತು. ಥಯೊಪೆಂಟಾಲ್ ಎಂಬ ಅರಿವಳಿಕೆ ಕೊಟ್ಟು ಮಲಗಿಸಿದ ಬೆಕ್ಕಿನಲ್ಲಿ ಅದು ಅಡಗಿಹೋಯಿತು. ಅಂದಿನ ವಿಧಾನದಲ್ಲಿ ಚಿತ್ರ ಬೇಕೆಂದರೆ ಬೆಕ್ಕಿನ ಜೀವ ತೆಗೆದು ಮೆದುಳನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಫಿಲ್ಮಿನ ಮೇಲೆ ಇಡಬೇಕಿತ್ತು. ಇಂದು ಅದೇ ಪ್ರಾಣಿಯನ್ನು ನಾಳೆ, ನಾಡಿದ್ದು, ಮುಂದಿನ ತಿಂಗಳು ಮತ್ತೆ ನೋಡಬಹುದು. ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಬದಲಾವಣೆ ಇದು.

◆ ಅರಿವಳಿಕೆ ಔಷಧಗಳು ಒಂದೇ ದಿಕ್ಕಿಗೆ ಎಳೆಯುವುದೂ ಇಲ್ಲ. ಐಸೊಫ್ಲೂರೇನ್ ನಾಳಗಳನ್ನು ಹಿಗ್ಗಿಸುತ್ತದೆ, ಕೆಟಮಿನ್ ಹರಿವು ಏರಿಸುತ್ತದೆ, ಪ್ರೊಪೊಫಾಲ್ ಇಳಿಸುತ್ತದೆ. ಪರೀಕ್ಷಿಸಬೇಕಾದ ಔಷಧದ ಗುಣವನ್ನು ಇದರ ನಡುವೆ ಹುಡುಕುವುದು ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

◆ 1957ರಲ್ಲಿ ಎಲ್‌ಎಸ್‌ಡಿ ಕೊಟ್ಟು ಮನುಷ್ಯರ ಮೆದುಳಿನ ಒಟ್ಟು ರಕ್ತದ ಹರಿವು ಅಳೆದಾಗ ವ್ಯತ್ಯಾಸವೇ ಸಿಗಲಿಲ್ಲ. ಲೋಕವೇ ತಲೆಕೆಳಗಾಗಿ ಕಾಣಿಸುವ ಔಷಧ, ಲೆಕ್ಕದಲ್ಲಿ ಮಾತ್ರ ಏನೂ ಇಲ್ಲ! ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದರೆ ಮೊತ್ತದಲ್ಲಿ ತಿಳಿಯುವುದಿಲ್ಲ. ಭಾಗಭಾಗವಾಗಿ ತೋರಿಸುವ ಚಿತ್ರ ಬೇಕಾಗುವುದು ಇದಕ್ಕೇ.

◆ ಮುಳಬಾಗಿಲಿನಲ್ಲಿ ದೋಸೆ ತಿಂದು ಮೇಲೊಂದು ಕಾಫಿ ಕುಡಿಯುತ್ತೀರಲ್ಲ, ಆಗ ಮೆದುಳಿಗೆ ಹೋಗುವ ರಕ್ತ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಕಡಿಮೆಯಾಗುತ್ತದೆ. ಎರಡು ಮೂರು ಕಪ್ ಕಾಫಿಯಲ್ಲಿರುವ 250 ಮಿಲಿಗ್ರಾಂ ಕೆಫೀನ್ ಹರಿವನ್ನು ಸುಮಾರು ಕಾಲು ಭಾಗದಷ್ಟು ಇಳಿಸುತ್ತದೆ. ನಾಳ ಹಿಗ್ಗಿಸುವ ಅಡಿನೊಸಿನ್‌ಗೆ ಕೆಫೀನ್ ಅಡ್ಡ ನಿಲ್ಲುತ್ತದೆ. ದಿನಾ ಕುಡಿಯುವವರು ಒಂದು ಹೊತ್ತು ಬಿಟ್ಟರೆ ನಾಳ ಹಿಗ್ಗುತ್ತದೆ, ತಲೆ ಸಿಡಿಯುತ್ತದೆ.

ಈ ವಿಷಯದ ಬಳಿ ಇನ್ನೊಂದು ನಿಮಿಷ ನಿಲ್ಲಬೇಕು. ಕಾಫಿ ಕುಡಿದವನು ಚುರುಕಾಗಿದ್ದಾನೆ, ಅವನ ಮೆದುಳಿಗೆ ರಕ್ತ ಮಾತ್ರ ತಗ್ಗಿದೆ. ಹಾಗಿದ್ದರೆ ಚಿತ್ರದಲ್ಲಿ ರಕ್ತ ಇಳಿದ ಮಾತ್ರಕ್ಕೆ ನರಕೋಶ ಸುಮ್ಮನಾಯಿತು ಎನ್ನಬಹುದೇ? ಔಷಧ ನರಕೋಶವನ್ನು ಮುಟ್ಟಿತೋ, ನೇರ ರಕ್ತನಾಳದ ಗೋಡೆಯನ್ನು ಮುಟ್ಟಿತೋ ಎಂದು ಬಿಡಿಸುವುದೇ ಇಲ್ಲಿನ ಕಷ್ಟದ ಕೆಲಸ. ಪ್ಯಾರಿಸ್ಸಿನವರು ಒಟ್ಟು ಹರಿವನ್ನು ಪಕ್ಕಕ್ಕಿಟ್ಟು, ಭಾಗಗಳ ನಡುವಿನ ಹೊಂದಾಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಈ ತೊಡಕು ದಾಟಲೆಂದೇ.

◆ ಮೆದುಳಿನ ರಕ್ತದ ಹರಿವು ಅಳೆಯಲು ಬಣ್ಣ ಬೇಡ, ವಿಕಿರಣ ಬೇಡ, ರಕ್ತದಲ್ಲಿರುವ ನೀರಿಗೇ ಗುರುತು ಹಾಕಬಹುದು! ಕುತ್ತಿಗೆಯಲ್ಲಿ ಹರಿಯುವಾಗ ರೇಡಿಯೊ ಅಲೆಯಿಂದ ಆ ನೀರಿನ ಕಾಂತಗುಣ ತಿರುಗಿಸಿ, ಅದು ಮೆದುಳು ತಲುಪುವುದನ್ನು ಎಂಆರ್‌ಐ ನೋಡುತ್ತದೆ. 1992ರಲ್ಲಿ ಇಲಿಯಲ್ಲಿ ಇದನ್ನು ಸಾಧಿಸಿದರು.

◆ ಪ್ರಾಣಿ ಎಚ್ಚರವಾಗಿದ್ದರೆ ಸಾಲದು, ಹೆದರಿರಬಾರದು. ಇದಕ್ಕೆ ಗಟ್ಟಿ ಸಾಕ್ಷಿ ಬಂದದ್ದು ನಮ್ಮ ಪಕ್ಕದ ಬೆಂಗಳೂರಿನಿಂದ. ಆಗ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದಲ್ಲಿದ್ದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿದ್ದರು. ಹಿಪೊಕ್ಯಾಂಪಸ್ಸಿನ ನರಕೋಶಗಳ ಕೊಂಬೆಗಳು ಕುಗ್ಗಿದವು, ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಕೊಂಬೆಗಳು ಬೆಳೆದವು. ಮೂರು ವಾರ ನೆಮ್ಮದಿಯಾಗಿ ಬಿಟ್ಟ ಮೇಲೂ ಅಮಿಗ್ಡಲಾದ ಆ ಬೆಳವಣಿಗೆ ಹಿಂದಕ್ಕೆ ಹೋಗಲಿಲ್ಲ ಎಂದು 2004ರಲ್ಲಿ ತಿಳಿಯಿತು. ಎಚ್ಚರವಾಗಿರುವ ಇಲಿಯನ್ನು ಒಮ್ಮೆಗೇ ಬಿಗಿದು ಸ್ಕ್ಯಾನ್ ಮಾಡುವವರು ಔಷಧದ ಜೊತೆಗೆ ಭಯವನ್ನೂ ಅಳೆಯುತ್ತಿರುತ್ತಾರೆ. ಅದಕ್ಕೇ ಮೊದಲ ದಿನ ಕೆಲವೇ ನಿಮಿಷ, ಮರುದಿನ ಇನ್ನಷ್ಟು ಹೊತ್ತು ಎಂದು ದಿನಗಟ್ಟಲೆ ರೂಢಿ ಮಾಡಿಸುತ್ತಾರೆ.

◆ ಬಾಲ ಹಿಡಿದು ಎತ್ತಿದ ಚುಂಡಿಲಿ ಗಾಬರಿಯಾಗುತ್ತದೆ. ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿದರೆ ಗಾಬರಿ ಎಷ್ಟೋ ಕಡಿಮೆ, ಆಮೇಲೆ ತಾನಾಗಿಯೇ ಕೈಯ ಹತ್ತಿರ ಬರುತ್ತದೆ. ಇದು ಲಿವರ್‌ಪೂಲಿನಿಂದ 2010ರಲ್ಲಿ ಬಂದ ತಿಳಿವಳಿಕೆ. ಇನ್ನೂ ಸೋಜಿಗದ್ದು 2014ರದು: ಗಂಡಸು ತೊಟ್ಟು ಬಿಟ್ಟ ಟಿ-ಶರ್ಟ್ ಹತ್ತಿರವಿಟ್ಟರೂ ಇಲಿಗಳಿಗೆ ಒತ್ತಡ ಏರುತ್ತದೆ.

◆ ಕೋಲಾರದ ಅಂತರಗಂಗೆಯ ಮೆಟ್ಟಿಲುಗಳಲ್ಲಿ ಬಾಳೆಹಣ್ಣು ಕಸಿಯುವ ಕೋತಿಗಳ ಜಾತಿಯವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಪ್ರತಿಮ್ ರೇ ಅವರ ಪ್ರಯೋಗಗಳಲ್ಲಿ ಎಚ್ಚರವಾಗಿ ಕೂತು ಪರದೆ ನೋಡಿದವು. ಅಲ್ಲಿ ಅಳೆದದ್ದು ರಕ್ತವನ್ನಲ್ಲ, ನೋಟದ ಕೇಂದ್ರದ ವಿದ್ಯುತ್ ಲಯಗಳನ್ನು.

◆ ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಲಗಾಮು ಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಬೇರು ಹುಡುಕಿದರೆ ರಾಜ್ಯಸಭೆಯಲ್ಲಿ ಮಸೂದೆ ಮಂಡಿಸಿದ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಸಿಗುತ್ತಾರೆ.

◆ ಕ್ಯಾಲಿ ಎಂಬ ಸಾಕುನಾಯಿ. ಅದರ ಯಜಮಾನ, ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್, ಮನೆಯಲ್ಲೇ ನಕಲಿ ಸ್ಕ್ಯಾನರ್ ಮಾಡಿ, ಯಂತ್ರದ ಸದ್ದನ್ನು ಮೆಲ್ಲಗೆ ಹಾಕಿ ದಿನೇ ದಿನೇ ಜೋರು ಮಾಡುತ್ತ ಅದರೊಳಗೆ ಕದಲದೆ ಮಲಗುವುದನ್ನು ತಿಂಗಳುಗಟ್ಟಲೆ ಕಲಿಸಿದರು. 2012ರಲ್ಲಿ ಫಲ ಪ್ರಕಟವಾಯಿತು. ಔಷಧವಿಲ್ಲ, ಕಟ್ಟಿಲ್ಲ, ಕಿವಿಗೆ ಮಾತ್ರ ಮುಚ್ಚಿಗೆ. ತಿಂಡಿ ಸಿಗುತ್ತದೆ ಎಂಬ ಕೈಸನ್ನೆ ಕಂಡೊಡನೆ ಮೆದುಳಿನ ಆಳದಲ್ಲಿ, ಬಯಕೆಗೆ ಸೇರಿದ ಒಂದು ಪುಟ್ಟ ಜಾಗಕ್ಕೆ ರಕ್ತ ಏರಿತು. ಬೇಡವೆನಿಸಿದರೆ ಕ್ಯಾಲಿ ಯಾವ ಕ್ಷಣದಲ್ಲಾದರೂ ಎದ್ದು ಹೊರಗೆ ಬರಬಹುದಿತ್ತು. ಗದ್ದವನ್ನು ಮೆತ್ತೆಯ ಮೇಲಿಟ್ಟು ಅದು ಅಲ್ಲೇ ಕದಲದೆ ಇತ್ತು.