ಒಂದು ದೊಡ್ಡ ಸಂಖ್ಯೆಯ ಗುಟ್ಟು

ಸಂಖ್ಯೆಯೊಂದನ್ನು ಭಾಗಿಸಬಲ್ಲ ಸಂಖ್ಯೆ ಯಾವುದೆಂದು ಕಾಣದೆಯೇ, ಅಂಥದೊಂದು ಉಂಟೆಂದು ನಿಶ್ಚಯವಾಗಿ ಹೇಳಬಹುದೆ?

ಅರವತ್ತೇಳು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೆ ೧೪೭೫೭೩೯೫೨೫೮೯೬೭೬೪೧೨೯೨೭ ಎಂಬ ಸಂಖ್ಯೆಯು ನಮಗೆ ದೊರೆಯುತ್ತದೆ. ಇದು ತನ್ನಿಂದಲೂ ಒಂದರಿಂದಲೂ ಅಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯವೆಂದು ಫ್ರಾನ್ಸಿನ ಸಂನ್ಯಾಸಿ ಮೆರ್ಸೆನ್ನನು ೧೬೪೪ರಲ್ಲಿ ಬರೆದನು. ಅದು ಸರಿಯಲ್ಲವೆಂದು ಅದೇ ದೇಶದ ಲ್ಯೂಕಾ ಎಂಬವನು ೧೮೭೬ರಲ್ಲಿ ಸಾಧಿಸಿದನು. ಆದರೆ ಒಂದು ಭಾಜಕವನ್ನೂ ತೋರಿಸಲಿಲ್ಲ.

ಇದು ಸಾಧ್ಯವಾದುದು ಹೇಗೆಂಬುದನ್ನು ಸಣ್ಣ ಸಂಖ್ಯೆಗಳಲ್ಲಿ ನೋಡೋಣ. ಏಳಕ್ಕೆ ಒಂದು ಕಡಮೆ ಆರು. ಆರು ಎರಡುಗಳ ಲಬ್ಧ ೬೪. ಅದನ್ನು ಏಳರಿಂದ ಭಾಗಿಸಿದರೆ ಶೇಷ ಒಂದು. ಬೆಸವಾದ ಅವಿಭಾಜ್ಯಗಳಿಗೆಲ್ಲ ಈ ನಿಯಮವು ಸಲ್ಲುತ್ತದೆ. ಒಂಬತ್ತಕ್ಕಾದರೋ ಎಂಟು ಎರಡುಗಳ ಲಬ್ಧ ೨೫೬, ಶೇಷ ನಾಲ್ಕು. ಆದುದರಿಂದ ಮೂರನ್ನು ನೆನೆಯದೆಯೇ ಒಂಬತ್ತು ಅವಿಭಾಜ್ಯವಲ್ಲವೆಂದು ನಾವು ಹೇಳಬಲ್ಲೆವು. ಲ್ಯೂಕಾನ ಪರೀಕ್ಷೆ ಬೇರೆಯಾದರೂ ಅದರ ತತ್ತ್ವವು ಈ ಜಾತಿಯದೇ.

ಭಾಜಕಗಳನ್ನು ೧೯೦೩ರಲ್ಲಿ ಪ್ರಕಟಪಡಿಸಿದವನು ಅಮೆರಿಕದ ಕೋಲ್: ೧೯೩೭೦೭೭೨೧ ಮತ್ತು ೭೬೧೮೩೮೨೫೭೨೮೭. ಇವನ್ನು ಗುಣಿಸಿ ನೋಡಲು ಒಂದು ಹಾಳೆ ಸಾಕು. ಇವು ದೊರೆಯಲು ಇಪ್ಪತ್ತೇಳು ವರ್ಷ ಬೇಕಾಯಿತು. ನೂರಾರು ಅಂಕೆಗಳ ಸಂಖ್ಯೆಗಳಲ್ಲಿ ಈ ಅಂತರವು ಇನ್ನೂ ಹಿರಿದು. ಅದನ್ನೇ ನೆಚ್ಚಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ೧೯೭೭ರಲ್ಲಿ ಗುಪ್ತಲೇಖನದ ಕ್ರಮವೊಂದನ್ನು ರಚಿಸಿದರು. ಕೂಡಿಸುವುದು ಸುಲಭ, ಬಿಡಿಸುವುದು ಕಷ್ಟ. ಆ ಕಷ್ಟವೇ ಅಲ್ಲಿ ನಮಗೆ ಬೀಗ.