‘ದಪ್ಪ ಆಯಿಲ್ ಹಾಕ್ರಿ, ಬಿಸಲ ಭಾಳ ಅದ’

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೀದರ್ ಬಳಿಯ ನೌಬಾದದ ಗ್ಯಾರೇಜೊಂದರ ಬೇವಿನ ನೆರಳಿನಲ್ಲಿ ಒಂದು ಕ್ರೂಸರ್, ಎರಡು ಬೊಲೆರೊ ನಿಂತಿದ್ದವು. ಅವುಗಳ ಪಕ್ಕದಲ್ಲಿ ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂತೆ ಒಂದು ಟರ್ಬೊ ಪೆಟ್ರೋಲ್ ಕಾರು. ಕಾರಿನ ಯಜಮಾನರು ನಿವೃತ್ತ ಮಾಸ್ತರರು. ಹೈದರಾಬಾದಿನಲ್ಲಿರುವ ಮಗ ಕೊಡಿಸಿದ ಎಣ್ಣೆ ಡಬ್ಬಿಯನ್ನು ಚೀಲದಿಂದ ತೆಗೆದು ಮಿಸ್ತ್ರಿಯ ಕೈಗಿಟ್ಟರು. ಮಿಸ್ತ್ರಿ ಮುಚ್ಚಳ ತೆಗೆದು ಎರಡು ಬೆರಳ ನಡುವೆ ಒಂದು ಹನಿ ಉಜ್ಜಿದ.

‘ಇದು ನೀರ್ ಇದ್ದಂಗ ಅದರಿ ಸರ. ನಮ್ಮ ಕಡಿ ನಡ್ಯಂಗಿಲ್ಲ. ದಪ್ಪ ಆಯಿಲ್ ಹಾಕ್ರಿ, ಬಿಸಲ ಭಾಳ ಅದ.’

ಮಾಸ್ತರರು ನನ್ನ ಮುಖ ನೋಡಿದರು. ನಾನು ತಕ್ಷಣ ಏನೂ ಹೇಳಲಿಲ್ಲ. ಮಿಸ್ತ್ರಿಯ ಮಾತಿನಲ್ಲಿ ಅರ್ಧ ಖರೆ ಇತ್ತು, ಮತ್ತು ಆ ಅರ್ಧ ಎಲ್ಲಿಗೆ ಮುಗಿಯುತ್ತದೆ ಎಂದು ನಿಂತ ನಿಲುವಿನಲ್ಲಿ ಹೇಳುವುದು ಕಷ್ಟ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡಬ್ಬಿಯ ಮೇಲಿನ ಅಂಕಿ. ಮಾಸ್ತರರದ್ದು 0ಡಬ್ಲ್ಯೂ-20. ಡಬ್ಲ್ಯೂ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಕೊರೆಯುವ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದರದ್ದು. 5ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಡಿಸೆಂಬರ್‌ನಲ್ಲಿ ಬೀದರ್ ಎಷ್ಟೇ ನಡುಗಿಸಲಿ, 10 ಡಿಗ್ರಿಯ ಕೆಳಗೆ ಇಳಿದರೆ ಅದೇ ದೊಡ್ಡ ಸುದ್ದಿ. ಹಾಗಾಗಿ 0ಡಬ್ಲ್ಯೂ, 5ಡಬ್ಲ್ಯೂ ನಡುವಿನ ವಾದ ನಮಗೆ ಬೇಡ. ನಮಗೆ ಬೇಕಾದದ್ದು ಎರಡನೇ ಅಂಕಿ. ಅದು ಎಂಜಿನ್ ಕಾದಾಗ, 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎನ್ನುವ ಲೆಕ್ಕ. ಇನ್ನೂ ಖಚಿತವಾದ ಅಳತೆಯೂ ಒಂದುಂಟು: 150 ಡಿಗ್ರಿಯಲ್ಲಿ, ಬೇರಿಂಗಿನ ನಡುವೆ ಹಿಂಡಿದಂತೆ ಎಣ್ಣೆಯನ್ನು ಹಿಂಡಿ ನೋಡುವುದು. 20ರ ಎಣ್ಣೆ ಅಲ್ಲಿ ಕನಿಷ್ಠ 2.6 ಅಂಕ ಪಡೆಯಬೇಕು. 5ಡಬ್ಲ್ಯೂ-40 ಎಣ್ಣೆ 3.5. ಲೋಹ ಮತ್ತು ಲೋಹದ ನಡುವೆ ಉಳಿಯುವ ಪರದೆ ಎಷ್ಟು ಗಟ್ಟಿ ಎಂಬುದನ್ನು ಈ ಅಂಕ ಹೇಳುತ್ತದೆ.

ದಪ್ಪ ಎಣ್ಣೆಯ ಪರದೆ ದಪ್ಪ. ಮಿಸ್ತ್ರಿಯ ಅರ್ಧ ಸತ್ಯ ಇಲ್ಲಿದೆ. ಅವನು ಕೆಲಸ ಕಲಿತದ್ದು ಬೇರಿಂಗ್ ಸವೆದ, ಬೋರ್ ಅಗಲವಾದ ಹಳೆಯ ಡೀಸೆಲ್ ಜೀಪುಗಳ ಮೇಲೆ. ಅವಕ್ಕೆ 20ಡಬ್ಲ್ಯೂ-40 ಹಾಕಿದರೆ ಸದ್ದು ತಗ್ಗುತ್ತಿತ್ತು, ಆಯಿಲ್ ಪ್ರೆಶರ್ ನಿಲ್ಲುತ್ತಿತ್ತು. ಆ ಅನುಭವವನ್ನು ನಾನು ಹಳಿಯಲಾರೆ.

ಆದರೆ ಮಾಸ್ತರರ ಕಾರಿನ ಹೊಟ್ಟೆಯೊಳಗೆ ನಡೆಯುವುದು ಬೇರೆ. ಹುಂಡೈ ವೆನ್ಯೂ ಕಾರನ್ನೇ ನೋಡಿ. 2019ರಲ್ಲಿ ಬಂದಾಗ ಅದರ 1.2 ಲೀಟರ್‌ನ ಸಾದಾ ಎಂಜಿನ್ ಸುಮಾರು 114 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಅದಕ್ಕಿಂತ ಚಿಕ್ಕದಾದ 1 ಲೀಟರ್‌ನ ಟರ್ಬೊ ಎಂಜಿನ್ ಕೊಟ್ಟದ್ದು 172. ಅದೂ 1,500 ಆರ್‌ಪಿಎಂನಿಂದಲೇ. ಸಣ್ಣ ಎತ್ತಿಗೆ ದೊಡ್ಡ ಬಂಡಿ ಕಟ್ಟಿದಂತೆ. ಪೋಲೊ, ಟೈಗುನ್, ಕುಶಾಕ್‌ಗಳ ಟಿಎಸ್‌ಐ, ಸೆಲ್ಟೋಸ್‌ನ ಟಿ-ಜಿಡಿಐ, ಮಹೀಂದ್ರದ ಎಂಸ್ಟಾಲಿಯನ್ ಟಿಜಿಡಿಐ, ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್ ಎಲ್ಲವೂ ಟರ್ಬೊ, ನೇರ ಇಂಜೆಕ್ಷನ್ ಎರಡೂ ಇರುವ ಇದೇ ಕುಲದವು. ಟರ್ಬೊ ಇದ್ದ ಮಾತ್ರಕ್ಕೆ ಈ ಕುಲಕ್ಕೆ ಸೇರಿತು ಎನ್ನುವಂತಿಲ್ಲ, ನೆಕ್ಸಾನ್‌ನ 1.2 ಪೆಟ್ರೋಲ್‌ಗೆ ಟರ್ಬೊ ಇದೆ, ನೇರ ಇಂಜೆಕ್ಷನ್ ಇಲ್ಲ.

ಟರ್ಬೊ ಎಂದರೆ ಹೊಗೆಯ ರಭಸಕ್ಕೆ ತಿರುಗುವ ಒಂದು ಪುಟ್ಟ ಚಕ್ರ. ನಿಮಿಷಕ್ಕೆ ಒಂದೂವರೆ ಲಕ್ಷ, ಎರಡು ಲಕ್ಷ ಸುತ್ತು. ಅದರ ಸುತ್ತ ಹರಿಯುವ ಹೊಗೆಯ ಬಿಸಿ 900 ಡಿಗ್ರಿ ದಾಟಬಲ್ಲದು. ಅಷ್ಟು ಬಿಸಿಯಲ್ಲಿ, ಅಷ್ಟು ವೇಗದಲ್ಲಿ ತಿರುಗುವ ಶಾಫ್ಟ್ ತೇಲುವುದು ಎಂಜಿನ್ನಿನ ತಳದ ಚೇಂಬರಿನಿಂದಲೇ ಬರುವ ಎಣ್ಣೆಯ ಮೇಲೆ. ನೌಬಾದದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ನಮ್ಮ ಕಾಲಡಿಯಲ್ಲೇ ಬಹಮನಿ ಕಾಲದ ಸುರಂಗ ಬಾವಿ, ಆ ಕರೇಜ್ ಇದೆಯಲ್ಲ. ಎರಡು ಕಿಲೋಮೀಟರಿಗೂ ಉದ್ದದ ಆ ನೆಲದಡಿಯ ಕಾಲುವೆಯಲ್ಲಿ ನೀರಿಗೆ ಕೊರತೆ ಇರಲಿಲ್ಲ, ಹೂಳು ತುಂಬಿ ದಾರಿ ಕಟ್ಟಿತ್ತು. ಟರ್ಬೊಗೆ ಎಣ್ಣೆ ಒಯ್ಯುವ ಸಪೂರ ಕೊಳವೆಯ ಪಾಡೂ ಅದೇ. ಚೇಂಬರ್ ತುಂಬ ಎಣ್ಣೆ ಇರುತ್ತದೆ, ಕೊಳವೆಯಲ್ಲಿ ಕರಿ ಕಟ್ಟಿರುತ್ತದೆ, ಅತ್ತ ಬೇರಿಂಗ್ ಒಣಗಿ ಸಾಯುತ್ತದೆ.

ಕರಿ ಕಟ್ಟುವುದು ಹೆಚ್ಚಾಗಿ ಗಾಡಿ ನಿಂತಾಗ. ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರ್ ಮೇ ತಿಂಗಳ ಬಿಸಿಲಿನಲ್ಲಿ ದೌಡಾಯಿಸಿ ಬಂದು, ಮನೆ ಮುಂದೆ ಬ್ರೇಕ್ ಹಾಕಿದ ಗಳಿಗೆಯಲ್ಲೇ ಕೀಲಿ ತಿರುವಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಟರ್ಬೊದ ಬಿಸಿ ನಿಲ್ಲುವುದಿಲ್ಲ. ಅಲ್ಲೇ ಉಳಿದ ಎಣ್ಣೆ ಸುಟ್ಟು ತಳ ಹಿಡಿಯುತ್ತದೆ, ಒಲೆ ಮೇಲೆ ಮರೆತ ಬಾಣಲೆಯಂತೆ. ಈಗಿನ ಹಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ನೀರು ಸುತ್ತಿಸುವ ಪಂಪ್ ಇದೆ. ಇದ್ದರೂ ಕೊನೆಯ ಎರಡು ಕಿಲೋಮೀಟರ್ ಮೆಲ್ಲಗೆ ಬನ್ನಿ, ಒಂದು ನಿಮಿಷ ಎಂಜಿನ್ ಓಡಲು ಬಿಡಿ. ನಮ್ಮ ತಲೆಯ ಮೇಲೆ ಗಿರಕಿ ಹೊಡೆಯುವ ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳಂಥ ಜೆಟ್ ಎಂಜಿನ್‌ಗಳಿಗೆ ಸಿಂಥೆಟಿಕ್ ಎಣ್ಣೆ ಬಂದದ್ದೂ ಇದೇ ಕಾರಣಕ್ಕೆ, ಸಾದಾ ಎಣ್ಣೆ ಆ ಬಿಸಿಗೆ ತಡೆಯಲಿಲ್ಲ.

ಈಗ ನೇರ ಇಂಜೆಕ್ಷನ್. ಹಳೆಯ ಕಾರಿನಲ್ಲಿ ಪೆಟ್ರೋಲ್ ವಾಲ್ವಿನ ಹಿಂದೆ ಮೂರು ನಾಲ್ಕು ಬಾರ್ ಒತ್ತಡದಲ್ಲಿ ಚಿಮ್ಮುತ್ತಿತ್ತು. ಇಲ್ಲಿ 200ರಿಂದ 350 ಬಾರ್ ಒತ್ತಡದಲ್ಲಿ ಸೀದಾ ಸಿಲಿಂಡರಿನೊಳಗೆ. ಎಂಜಿನ್ ತಣ್ಣಗಿದ್ದಾಗ ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಗೆ ಬಡಿದು, ರಿಂಗುಗಳ ಸಂದಿಯಿಂದ ಜಾರಿ ಚೇಂಬರ್ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತದೆ. ನೌಬಾದದಿಂದ ಬೀದರ್ ಪೇಟೆ ನಾಲ್ಕೈದು ಕಿಲೋಮೀಟರ್; ಬೆಳಿಗ್ಗೆ ಮಕ್ಕಳ ಶಾಲೆ, ಮಧ್ಯಾಹ್ನ ಕಚೇರಿ, ಸಂಜೆ ಸಂತೆ. ಗೇಜಿನ ಮುಳ್ಳು ನಡುವಿಗೆ ಬಂದರೂ ಚೇಂಬರಿನ ಎಣ್ಣೆ ಕಾಯುವಷ್ಟರಲ್ಲಿ ಮನೆ ಬಂದಿರುತ್ತದೆ. ಜತೆಗೆ ಈಗ ಪೆಟ್ರೋಲಿನಲ್ಲಿ ಶೇ 20 ಎಥನಾಲ್. ಅದರಿಂದ ನಮ್ಮ ಭಾಲ್ಕಿ ಸೀಮೆಯ ಕಬ್ಬಿಗೆ ಬೆಲೆ ಬರುವುದಾದರೆ ಬರಲಿ, ನನ್ನ ತಕರಾರಿಲ್ಲ. ಆದರೆ ಗಿಡ್ಡ ಓಡಾಟದ ಎಂಜಿನ್ನಿನಲ್ಲಿ ಎಥನಾಲ್ ಮತ್ತು ನೀರಿನ ಪಸೆ ಎಣ್ಣೆಯಲ್ಲಿ ಉಳಿಯುತ್ತದೆ. ಹೀಗೆ ಮಾಸ್ತರರ ಕಾರಿಗೆ ಎರಡು ಬಾಳು: ವಾರವಿಡೀ ಎಣ್ಣೆ ಕಾಯುವುದೇ ಇಲ್ಲ, ಭಾನುವಾರದ ಹೈದರಾಬಾದ್ ಓಟದಲ್ಲಿ ಅತಿಯಾಗಿ ಕಾಯುತ್ತದೆ. 5ಡಬ್ಲ್ಯೂ-30 ಎಂದು ಹಾಕಿದ ಎಣ್ಣೆ ಪೆಟ್ರೋಲ್ ಬೆರೆತು, ಹಾಕಿದವರಿಗೇ ತಿಳಿಯದಂತೆ 20ರ ಎಣ್ಣೆಯಾಗಿ ಇಳಿದಿರಬಹುದು.

ಇನ್ನು ಮಿಸ್ತ್ರಿಗೆ ಗೊತ್ತಿರದ ಸಂಗತಿ. ಅವನು ‘ದಪ್ಪ ಆಯಿಲ್’ ಎಂದು ಕೈ ಚಾಚುವ ಡಬ್ಬಿ ಸಾಮಾನ್ಯವಾಗಿ ಡೀಸೆಲ್ ಗಾಡಿಯ 15ಡಬ್ಲ್ಯೂ-40. ತೊಂದರೆ ಅದರ ದಪ್ಪದಲ್ಲಿಲ್ಲ, ಅದರ ರಸಾಯನದಲ್ಲಿದೆ. ಔರಾದ ಕಡೆಯಿಂದ ಮಾಂಜ್ರಾ ನದಿ ದಾಟಿ, ಐದು ಜನ ಕೂತು, ಬೀದರ್ ದಿಬ್ಬ ಏರುವಾಗ ಐದನೇ ಗೇರಿನಲ್ಲೇ ಕಾಲೊತ್ತುತ್ತೀರಿ ಎನ್ನಿ. ಎಂಜಿನ್ 1,500ರಿಂದ 2,000ದ ಸುತ್ತಿನಲ್ಲಿ ಏದುಸಿರು ಬಿಡುತ್ತದೆ. ಆಗ ಪಿಸ್ಟನ್ ರಿಂಗಿನ ಮೇಲಿನ ಸಂದಿಯಲ್ಲಿ ಪೆಟ್ರೋಲ್ ಬೆರೆತ ಎಣ್ಣೆಯ ಹನಿಯೊಂದು ಹಾರಿ, ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಮೊದಲೇ ಬೆಂಕಿ ಹತ್ತಿಸಬಲ್ಲದು. ಒಂದೇ ಬಡಿತಕ್ಕೆ ಪಿಸ್ಟನ್ ಬಿರುಕು ಬಿಟ್ಟದ್ದುಂಟು. ಎಣ್ಣೆಯಲ್ಲಿ ಕೊಳೆ ತೊಳೆಯಲು ಬೆರೆಸುವ ಕ್ಯಾಲ್ಸಿಯಂ ಹೆಚ್ಚಿದ್ದಷ್ಟೂ ಈ ಅಕಾಲದ ಬೆಂಕಿ ಹೆಚ್ಚು. ಅದರ ಒಂದು ಪಾಲನ್ನು ಮೆಗ್ನೀಸಿಯಂಗೆ ಬದಲಿಸಿದರೆ ಕಡಿಮೆ. ಇದು ತಿಳಿದ ಮೇಲೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ 2018ರ ಮೇ ತಿಂಗಳಲ್ಲಿ ಎಸ್‌ಎನ್ ಪ್ಲಸ್, 2020ರ ಮೇ ತಿಂಗಳಲ್ಲಿ ಎಸ್‌ಪಿ, 2025ರಲ್ಲಿ ಎಸ್‌ಕ್ಯೂ ದರ್ಜೆಗಳನ್ನು ತಂದಿತು. ಡೀಸೆಲ್ ಎಣ್ಣೆಯ ದರ್ಜೆಗಳಲ್ಲಿ ಈ ಅಕಾಲದ ಬೆಂಕಿಯ ಪರೀಕ್ಷೆಯೇ ಇಲ್ಲ.

ಎಸ್‌ಪಿ ದರ್ಜೆಯಲ್ಲಿ ಟೈಮಿಂಗ್ ಚೈನಿನ ಪರೀಕ್ಷೆಯೂ ಸೇರಿತು. ನೇರ ಇಂಜೆಕ್ಷನ್ನಿನ ಮಸಿ ಎಣ್ಣೆಯಲ್ಲಿ ಸೇರಿ ಚೈನಿನ ಪಿನ್ನುಗಳನ್ನು ಅರದಂತೆ ಉಜ್ಜುತ್ತದೆ. ಚೈನ್ ಹಿಗ್ಗಿತು ಎನ್ನುತ್ತೇವೆ. ಖರೆ ನೋಡಿದರೆ ಅದು ಸವೆದದ್ದು. ಪರೀಕ್ಷೆಯಲ್ಲಿ 216 ತಾಸು ಓಡಿಸಿದ ಮೇಲೆ ಹಿಗ್ಗು ಶೇ 0.085 ಮೀರಬಾರದು. ಒಂದು ಮೀಟರಿಗೆ ಒಂದು ಮಿಲಿಮೀಟರೂ ಇಲ್ಲ.

ಹಾಗಾದರೆ ಮಾಸ್ತರರು ಏನು ಹಾಕಬೇಕು? ಕಾರಿನ ಕೈಪಿಡಿ ತೆರೆದರೆ ಹಲವು ಕಾರುಗಳಲ್ಲಿ ಒಂದೇ ಗ್ರೇಡ್ ಇರುವುದಿಲ್ಲ, ಹವೆಗೆ ತಕ್ಕಂತೆ ಎರಡು ಮೂರು ಇರುತ್ತವೆ. ಅವುಗಳ ಪೈಕಿ ದಪ್ಪದ್ದನ್ನು ಆರಿಸಲಿ, ನಮ್ಮ ಬಿಸಿಲಿಗೆ, ಹೈದರಾಬಾದ್ ಓಟಕ್ಕೆ ನನ್ನ ಮತವೂ ಅದಕ್ಕೇ. ಮಿಸ್ತ್ರಿ ಅಷ್ಟರಮಟ್ಟಿಗೆ ಗೆದ್ದ. ಆದರೆ ಡಬ್ಬಿಯ ಮೇಲೆ ಎಸ್‌ಪಿ ಅಥವಾ ಅದರ ಮುಂದಿನ ದರ್ಜೆ, ಇಲ್ಲವೇ ಕಾರಿನ ಕಂಪನಿ ಹೆಸರಿಸಿದ ಮಾನಕ ಇರಲೇಬೇಕು. ಕೈಪಿಡಿಯಲ್ಲಿ 0ಡಬ್ಲ್ಯೂ-20 ಒಂದೇ ಇದ್ದರೆ ಅದನ್ನೇ ಹಾಕಿ, ವಾರಂಟಿಯ ಅವಧಿಯಲ್ಲಂತೂ ಆಟ ಬೇಡ. ‘ಫುಲ್ ಸಿಂಥೆಟಿಕ್’ ಎಂಬ ಹೊಳೆಯುವ ಅಕ್ಷರ ನೋಡಿ ಮರುಳಾಗಬೇಡಿ. ಸಣ್ಣ ಅಕ್ಷರದ ದರ್ಜೆಯನ್ನು ಕನ್ನಡಕ ಹಾಕಿಕೊಂಡು ಓದಿ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ, ಖಾಲಿ ಡಬ್ಬಿಯನ್ನು ತೂತು ಮಾಡಿ ಎಸೆಯಿರಿ. ನಕಲಿ ಎಣ್ಣೆ ತುಂಬುವವರು ಹುಡುಕುವುದು ಅದನ್ನೇ.

ನೇರ ಇಂಜೆಕ್ಷನ್ ಎಂಜಿನ್ನಿನ ಇಂಟೇಕ್ ವಾಲ್ವಿನ ಮೇಲೆ ಕಟ್ಟುವ ಕರಿ ಮಾತ್ರ ಎಣ್ಣೆಯಿಂದಲೇ ಬಗೆಹರಿಯದು. ಅಲ್ಲಿ ಪೆಟ್ರೋಲ್ ತಾಗುವುದಿಲ್ಲವಾದ್ದರಿಂದ ಪಂಪಿನಲ್ಲಿ ಮಾರುವ ಯಾವ ಕ್ಲೀನರ್ ಬಾಟಲಿಯೂ ಅದನ್ನು ತೊಳೆಯದು. ಕಡಿಮೆ ಆವಿಯಾಗುವ ಎಣ್ಣೆ ಕರಿಯನ್ನು ತಡವಾಗಿಸುತ್ತದೆ, ಅಷ್ಟೆ.

ಎಣ್ಣೆ ಯಾವಾಗ ಬದಲಿಸಬೇಕು ಎನ್ನುವುದು ಯಾವ ಎಣ್ಣೆ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. 10,000 ಅಥವಾ 15,000 ಕಿಲೋಮೀಟರ್ ಎಂಬ ಲೆಕ್ಕ ಹದವಾದ ಓಡಾಟದ್ದು. ಗಿಡ್ಡ ಓಡಾಟ, ಧೂಳು, ಸುಡುಬಿಸಿಲು ಇದ್ದಲ್ಲಿ ಬೇಗ ಬದಲಿಸಿ ಎಂದು ಕೈಪಿಡಿಗಳೇ ಬೇರೆ ಪಟ್ಟಿ ಕೊಡುತ್ತವೆ, ಬಹಳಷ್ಟು ಕಡೆ ಅರ್ಧಕ್ಕೇ. ಆ ಪಟ್ಟಿಯಲ್ಲಿರುವ ಮೂರೂ ನಮ್ಮ ಊರಿನಲ್ಲಿವೆ. ಬೀದರಿನ ಕೆಂಪು ಜಂಬಿಟ್ಟಿಗೆ ಧೂಳು, ಔರಾದದ ಎರೆಮಣ್ಣಿನ ಧೂಳು ಏರ್ ಫಿಲ್ಟರ್ ದಾಟಿ ಒಳಹೊಕ್ಕರೆ ಯಾವ ದುಬಾರಿ ಎಣ್ಣೆಯೂ ರಿಂಗುಗಳನ್ನು ಉಳಿಸದು. ಫಿಲ್ಟರ್ ಊದಿ ಊದಿ ಮತ್ತೆ ಹಾಕುವ ಚಾಳಿ ಬಿಡಬೇಕು.

ಮಾಸ್ತರರು ಅಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು, ಕೈಪಿಡಿ ನೋಡಿ ಬರುತ್ತೇನೆ ಎಂದು. ನೀವೂ ನಾಳೆ ಬೆಳಿಗ್ಗೆ ಕಾರು ಚಾಲೂ ಮಾಡುವ ಮೊದಲು, ಸಮ ನೆಲದ ಮೇಲೆ ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ನೋಡಿ. ಎಣ್ಣೆ ಕೆಳಗಿಳಿದಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ. ಮೇಲಿನ ಗೆರೆ ದಾಟಿ ಏರಿದ್ದರೆ ಸಂತೋಷಪಡುತ್ತಾರೆ. ಏರಿದ್ದರೆ ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಹೊಡೆದರೆ ಮೀಟರ್ ಎಷ್ಟೇ ತೋರಿಸಲಿ, ಅದೇ ವಾರ ಎಣ್ಣೆ ಬದಲಿಸಿ.